ಮಕ್ಕಳೊಂದಿಗೆ ಕಡಲಲ್ಲಿ ಗಾಳ ಹಾಕುವುದು, ಗೊತ್ತಿಲ್ಲದ ಕಡಲ ರುಚಿ ನೋಡುವುದು: ಕರಾವಳಿಗೊಂದು ಸಮಗ್ರ ಮಾರ್ಗದರ್ಶಿ

ಘಟ್ಟದ ಮೇಲಿಂದ ಮಕ್ಕಳನ್ನು ಕರೆದುಕೊಂಡು ಕರಾವಳಿಗೆ ಬರುವವರು ಮೊದಲು ರೂಮು ಬುಕ್ ಮಾಡುತ್ತಾರೆ, ಬಂದ ಮೇಲೆ ಬಿಡುವಿದ್ದ ಹೊತ್ತಿಗೆ ಗಾಳ ಹಿಡಿದು ಹೊರಡುತ್ತಾರೆ. ನೆತ್ತಿಯ ಮೇಲೆ ಸೂರ್ಯ, ಎದುರಿಗೆ ಗಾಳಿ, ನೀರು ಪೂರ್ತಿ ಇಳಿದ ಸಮಯ. ಮೂರು ಗಂಟೆ ನಿಂತರೂ ಒಂದು ಮೀನಿಲ್ಲ, ಮಕ್ಕಳಿಗೆ ಬೇಸರ. ಮೊದಲು ನೋಡಬೇಕಾದದ್ದು ಭರತ–ಇಳಿತದ, ಅಂದರೆ ಉಬ್ಬರವಿಳಿತದ ವೇಳೆ. ರೂಮು, ಊಟ, ದೇವಸ್ಥಾನ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಿ.

ದಿನ ಮತ್ತು ವೇಳೆ

ಅಕ್ಟೋಬರ್ ಕೊನೆಯಿಂದ ಮೇ ಮೊದಲ ವಾರದವರೆಗೆ ಕುಟುಂಬಕ್ಕೆ ಒಳ್ಳೆಯ ಕಾಲ. ಅದರಲ್ಲೂ ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಹೊತ್ತು ನೆಲದ ಕಡೆಯಿಂದ ಮೆಲ್ಲಗೆ ಗಾಳಿ ಬೀಸುತ್ತದೆ, ನೀರು ಸಪಾಟಾಗಿರುತ್ತದೆ. ಮಧ್ಯಾಹ್ನ ಕಳೆದರೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ, ಅಲೆ ಒಡೆಯಲು ಶುರುವಾಗುತ್ತದೆ, ಗಾಳದ ದಾರ ಗಾಳಿಗೆ ಬಿಲ್ಲಿನಂತೆ ಬಾಗಿ ಮೀನು ಕಚ್ಚಿದ್ದೇ ಕೈಗೆ ತಿಳಿಯುವುದಿಲ್ಲ. ಹಾಗಾಗಿ ಬೆಳಕು ಹರಿಯುವ ಮೊದಲೇ ಜಾಗ ಸೇರಿ, ಹತ್ತು ಗಂಟೆಯೊಳಗೆ ಮುಗಿಸಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದಡದಿಂದ ಗಾಳ ಹಾಕುವವರೂ ಆ ಎರಡು ತಿಂಗಳು ಕಡಲ ಕಡೆ ತಲೆ ಹಾಕದಿರುವುದೇ ಸರಿ. ಮಳೆಗಾಲದ ಅಲೆ ಬಂಡೆಯ ಮೇಲಿದ್ದವರನ್ನು ಎಳೆದುಕೊಂಡು ಹೋಗುತ್ತದೆ, ಈಜು ಬಂದರೂ ಪ್ರಯೋಜನವಿಲ್ಲ.

ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ, ದಿನದಿಂದ ದಿನಕ್ಕೆ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಒಂದೂವರೆಯಿಂದ ಎರಡು ಮೀಟರ್ ತನಕ, ಮಂಗಳೂರಿಗಿಂತ ಕಾರವಾರದಲ್ಲಿ ತುಸು ಹೆಚ್ಚು. ಅಷ್ಟಮಿಯ ಹತ್ತಿರ ಏರಿಳಿತ ಕಡಿಮೆ, ನೀರಿನ ಸೆಳೆತವೂ ಕಡಿಮೆ. ನೀರು ನಿಂತಾಗ ಮೀನು ಮೇಯುವುದಿಲ್ಲ, ಓಡುವಾಗ ಮೇಯುತ್ತದೆ. ಭರತಕ್ಕೆ ಮೊದಲಿನ ಎರಡು ಗಂಟೆ ಮತ್ತು ಇಳಿತ ಶುರುವಾದ ಮೊದಲ ಒಂದು ಗಂಟೆ, ಇವೆರಡೂ ಬೆಳಗಿನ ಆರರಿಂದ ಒಂಬತ್ತರ ನಡುವೆ ಬೀಳುವ ದಿನವನ್ನು ಭರತ–ಇಳಿತದ ವೇಳಾಪಟ್ಟಿಯಲ್ಲಿ ಹುಡುಕಿ. ತಿಂಗಳಲ್ಲಿ ಅಂಥ ದಿನಗಳು ಎರಡು ಸರದಿ ಸಿಗುತ್ತವೆ.

ಹೊರಡುವ ಹಿಂದಿನ ಸಂಜೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇಂಕಾಯಿಸ್ (INCOIS) ಸಂಸ್ಥೆಯ ಅಲೆ ಮುನ್ಸೂಚನೆ ನೋಡಿ. ಎತ್ತರದ ಅಲೆಯ ಎಚ್ಚರಿಕೆ ಇದ್ದರೆ ಆಕಾಶ ಎಷ್ಟೇ ತಿಳಿಯಾಗಿದ್ದರೂ ಹೋಗಬೇಡಿ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಇಲ್ಲಿ ಗಾಳಿಯಿಲ್ಲದ ದಿನವೂ ದಡಕ್ಕೆ ಅಪ್ಪಳಿಸುತ್ತದೆ.

ಜಾಗ

ಮಕ್ಕಳಿದ್ದರೆ ಬಂಡೆ ಬೇಡ, ಅಳಿವೆ ಬೇಕು. ಹೊಳೆ ಕಡಲಿಗೆ ಸೇರುವಲ್ಲಿ ಮರಳ ದಂಡೆ ಇರುತ್ತದೆ, ಅದರ ಒಳಬದಿಯಲ್ಲಿ ಅಲೆ ಇರುವುದಿಲ್ಲ, ಕಾಣೆ (ಲೇಡಿಫಿಶ್) ಮೀನು ಇರುತ್ತದೆ. ಸಸಿಹಿತ್ಲು, ಹೆಜಮಾಡಿ ಕೋಡಿ, ಕೋಡಿ ಬೆಂಗ್ರೆ, ಗಂಗೊಳ್ಳಿಯ ಎದುರಿನ ಕುಂದಾಪುರ ಕೋಡಿ, ಹೊನ್ನಾವರದ ಶರಾವತಿ ಅಳಿವೆ, ಅಘನಾಶಿನಿ, ಕಾರವಾರದ ಕಾಳಿ ಅಳಿವೆ, ಎಲ್ಲವೂ ಇಂಥ ಜಾಗಗಳೇ. ಆದರೆ ಅಳಿವೆಯ ನಡುಗಂಡಿಯಲ್ಲಿ ಇಳಿತದ ಸೆಳೆತ ಭಾರಿ. ಮಕ್ಕಳು ಮೊಣಕಾಲಿಗಿಂತ ಮೇಲೆ ನೀರಿಗಿಳಿಯಬಾರದು, ಗಾಳ ಹಾಕಿರುವಷ್ಟು ಹೊತ್ತು ಒಂದೊಂದು ಮಗುವಿಗೆ ಒಬ್ಬೊಬ್ಬ ದೊಡ್ಡವರು ಇರಬೇಕು.

ಅಲೆತಡೆಯ ಕಲ್ಲುಗಳ ಮೇಲೆ ದೊಡ್ಡವರು ಮಾತ್ರ ನಿಲ್ಲಲಿ. ನಿಲ್ಲುವ ಮೊದಲು ಇಪ್ಪತ್ತು ನಿಮಿಷ ದೂರದಿಂದ ನೋಡಿ. ದೊಡ್ಡ ಅಲೆಗಳು ಗುಂಪಾಗಿ, ನಡುವೆ ಬಹಳ ಹೊತ್ತು ಬಿಟ್ಟು ಬರುತ್ತವೆ. ಐದು ನಿಮಿಷ ಮಾತ್ರ ನೋಡಿದವರಿಗೆ ಅವು ಕಾಣುವುದಿಲ್ಲ. ಕಲ್ಲು ಒದ್ದೆಯಾಗಿದ್ದರೆ ಅಲ್ಲಿಯವರೆಗೆ ನೀರು ಬರುತ್ತದೆ ಎಂದೇ ಅರ್ಥ. ನವಮಂಗಳೂರು ಬಂದರಿನ ಒಳಾವರಣ, ಕಾರವಾರದ ನೌಕಾನೆಲೆಯ ಪ್ರದೇಶಗಳಿಗೆ ಪ್ರವೇಶವಿಲ್ಲ. ಬೇರೆಡೆಯೂ ಬಲೆ ಹಾಕುತ್ತಿರುವ ಊರಿನವರಿದ್ದರೆ ಅವರನ್ನು ಕೇಳಿ, ಅವರ ಬಲೆಯಿಂದ ದೂರ ನಿಂತು ಎಸೆಯಿರಿ. ಅದು ಅವರ ಹೊಟ್ಟೆಪಾಡು.

ಸಾಮಾನು

ಮೊದಲ ಸಲ ದುಬಾರಿ ಸಾಮಾನು ಬೇಡ. ಏಳರಿಂದ ಎಂಟು ಅಡಿಯ ರಾಡ್, 3000 ಅಥವಾ 4000 ಗಾತ್ರದ ಸ್ಪಿನ್ನಿಂಗ್ ರೀಲ್, 0.30 ಅಥವಾ 0.35 ಮಿ.ಮೀ. ದಪ್ಪದ ನೈಲಾನ್ ದಾರ 150 ಮೀಟರ್. ಹೆಣೆದ ದಾರ ಗಟ್ಟಿ ಹೌದು, ಆದರೆ ಮಕ್ಕಳ ಬೆರಳು ಕುಯ್ಯುತ್ತದೆ, ಸಿಕ್ಕಾದರೆ ಬಿಡಿಸಲೂ ಆಗುವುದಿಲ್ಲ. ಪುಟ್ಟ ಮಕ್ಕಳಿಗೆ ರಾಡೇ ಬೇಡ, ಮರದ ತುಂಡಿಗೆ ಸುತ್ತಿದ ಕೈಗಾಳ ಸಾಕು. ಕಚ್ಚಿದ್ದು ಅದರಲ್ಲಿ ಬೆರಳಿಗೇ ತಿಳಿಯುತ್ತದೆ.

ಜೊತೆಗೆ 8 ಮತ್ತು 10ನೇ ನಂಬರಿನ ಹುಕ್, ನಡುವೆ ತೂತಿರುವ 20ರಿಂದ 40 ಗ್ರಾಮಿನ ಸೀಸ, ಸಣ್ಣ ಸ್ವಿವೆಲ್ (ಎರಡು ದಾರ ಜೋಡಿಸುವ, ತಿರುಗುವ ಕೊಂಡಿ), ಪ್ಲಾಸ್ಟಿಕ್ ಮಣಿ, ಉದ್ದ ಮೂತಿಯ ಇಕ್ಕಳ, ಕತ್ತರಿ, ದಪ್ಪ ಬಟ್ಟೆ. ಎಲ್ಲ ಹುಕ್ಕುಗಳ ಒಳಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿ. ಮೀನು ಒಂದೆರಡು ತಪ್ಪಿಸಿಕೊಳ್ಳಬಹುದು, ಆದರೆ ಬೆರಳಿಗೆ ಚುಚ್ಚಿದ ಹುಕ್ ಬಂದ ದಾರಿಯಲ್ಲೇ ಹೊರಬರುತ್ತದೆ. ಒಳಮುಳ್ಳಿರುವ ಹುಕ್ ಆಳಕ್ಕೆ ಹೊಕ್ಕರೆ ಎಳೆಯಬೇಡಿ, ದಾರ ಕತ್ತರಿಸಿ ಆಸ್ಪತ್ರೆಗೆ ಹೋಗಿ. ಕಣ್ಣಿನ ಹತ್ತಿರವಾದರೆ ಮುಟ್ಟಲೂ ಬೇಡಿ. ಎಸೆಯುವವರ ಹಿಂದೆ ಯಾರೂ ನಿಲ್ಲಬಾರದು, ಎಲ್ಲರಿಗೂ ಟೋಪಿ ಮತ್ತು ಕನ್ನಡಕ ಇರಲಿ.

ಎರೆಗೆ ಹಸಿ ಸಿಗಡಿ ಕಾಲು ಕಿಲೋ ಸಾಕು. ಬೆಳಗಿನ ಜಾವ ಬಂದರಿನಲ್ಲೇ ಕೊಳ್ಳಿ. ಫ್ರೀಜರಿನ ಸಿಗಡಿ ಮೆತ್ತಗಾಗಿ ಎಸೆದಾಗಲೇ ಹುಕ್ಕಿನಿಂದ ಹಾರಿಹೋಗುತ್ತದೆ. ತಂದ ಸಿಗಡಿಗೆ ಸ್ವಲ್ಪ ಕಲ್ಲುಪ್ಪು ಹಾಕಿ ಅರ್ಧ ಗಂಟೆ ಇಟ್ಟರೆ ಗಟ್ಟಿಯಾಗುತ್ತದೆ.

ಕಟ್ಟುವುದು, ಎಸೆಯುವುದು

1. ರಾಡಿನ ದಾರಕ್ಕೆ ಮೊದಲು ಸೀಸ, ಆಮೇಲೆ ಮಣಿ ಪೋಣಿಸಿ, ತುದಿಗೆ ಸ್ವಿವೆಲ್ ಕಟ್ಟಿ. ಮಣಿ ಇಲ್ಲದಿದ್ದರೆ ಸೀಸ ಗಂಟಿಗೇ ಬಡಿದು ಗಂಟು ಸವೆಯುತ್ತದೆ.

2. ಸ್ವಿವೆಲಿನ ಇನ್ನೊಂದು ಬದಿಗೆ 0.28 ಮಿ.ಮೀ. ದಾರ ಒಂದೂವರೆ ಅಡಿ, ಅದರ ತುದಿಗೆ ಹುಕ್. ಮೀನು ಎರೆ ಎಳೆದಾಗ ದಾರ ಸೀಸದೊಳಗೆ ಜಾರುತ್ತದೆ, ಭಾರ ಅದಕ್ಕೆ ತಿಳಿಯುವುದಿಲ್ಲ.

3. ಗಂಟು: ದಾರವನ್ನು ಹುಕ್ಕಿನ ಕಣ್ಣಿನೊಳಗೆ ತೂರಿಸಿ, ಮೂಲ ದಾರಕ್ಕೆ ಐದು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯೊಳಗೆ ತೂರಿಸಿ. ಬಿಗಿಯುವ ಮೊದಲು ಎಂಜಲಲ್ಲಿ ಒದ್ದೆ ಮಾಡಿ. ಒಣದಾರ ಬಿಗಿಯುವಾಗ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ. ದೊಡ್ಡ ಮೀನು ತಪ್ಪಿತು ಎನ್ನುವಲ್ಲಿ ದಾರದ ತುದಿ ಸುರುಳಿ ಸುತ್ತಿಕೊಂಡು ಬಂದಿದ್ದರೆ ತಪ್ಪು ಗಂಟಿನದು.

4. ರೀಲಿನ ಡ್ರ್ಯಾಗ್ (ದಾರದ ಬಿಗಿ ಹೊಂದಿಸುವ ತಿರುಪು) ಸಡಿಲಿಸಿ, ಕೈಯಿಂದ ಗಟ್ಟಿಯಾಗಿ ಎಳೆದರೆ ದಾರ ಬಿಟ್ಟುಕೊಡುವಷ್ಟಕ್ಕೆ ನಿಲ್ಲಿಸಿ.

5. ಸಿಗಡಿಯ ಸಿಪ್ಪೆ ತೆಗೆದು, ಉಗುರಿನಷ್ಟು ತುಂಡನ್ನು ಹುಕ್ಕಿನ ಬಾಗಿಗೆ ಪೋಣಿಸಿ, ತುದಿ ಮಾತ್ರ ಹೊರಗೆ ಕಾಣಲಿ. ಕಾಣೆಯ ಬಾಯಿ ಚಿಕ್ಕದು, ಇಡೀ ಸಿಗಡಿ ಹಾಕಿದರೆ ಕಚ್ಚಿ ಕಚ್ಚಿ ತಿಂದು ಹೋಗುತ್ತದೆ.

6. ಇಪ್ಪತ್ತು ಮೂವತ್ತು ಮೀಟರ್ ದೂರ ಎಸೆದರೆ ಸಾಕು. ಸೀಸ ತಳ ಮುಟ್ಟಿದ ಮೇಲೆ ಸಡಿಲ ದಾರ ಸುತ್ತಿಕೊಳ್ಳಿ, ನಿಮಿಷಕ್ಕೊಮ್ಮೆ ಒಂದು ಗೇಣು ಎಳೆಯಿರಿ. ಮರಳ ಮೇಲೆ ಸೀಸ ಎಬ್ಬಿಸುವ ಸಣ್ಣ ಕೆಸರು ಕಾಣೆಯನ್ನು ಕರೆತರುತ್ತದೆ. ಟಕ್ ಟಕ್ ಎಂದು ಎರಡು ಸಲ ಕುಟುಕಿದರೆ ರಾಡನ್ನು ಮೆಲ್ಲಗೆ ಎತ್ತಿ. ಜೋರಾಗಿ ಜಗ್ಗಿದರೆ ಅದರ ಮೆತ್ತನೆಯ ಬಾಯಿ ಹರಿಯುತ್ತದೆ.

ಎರೆ ಮತ್ತೆ ಮತ್ತೆ ಮಾಯವಾಗುತ್ತಿದ್ದರೆ ಏಡಿ ಅಥವಾ ಮರಿಮೀನು ತಿನ್ನುತ್ತಿದೆ, ಹತ್ತು ಹೆಜ್ಜೆ ಆಚೆ ಹೋಗಿ. ಬರೀ ತೇಡೆಯೇ (ಕ್ಯಾಟ್‌ಫಿಶ್) ಸಿಗುತ್ತಿದ್ದರೆ ನೀವು ಕೆಸರು ತಳದಲ್ಲಿದ್ದೀರಿ, ಮರಳು ಹುಡುಕಿ. ರೀಲಿನಲ್ಲಿ ದಾರ ಗೋಜಲಾಗುವುದು ಹೆಚ್ಚಾಗಿ ಸಡಿಲವಾಗಿ ಸುತ್ತಿದ್ದರಿಂದ. ರಾಡ್ ಹಿಡಿದ ಕೈಯ ಬೆರಳಲ್ಲಿ ದಾರ ಒತ್ತಿ ಹಿಡಿದು ಸುತ್ತಬೇಕು. ಅರ್ಧ ಗಂಟೆ ಏನೂ ಕಚ್ಚದಿದ್ದರೆ ಜಾಗ ಬದಲಿಸಿ. ಒಂದೇ ಕಡೆ ತಾಳ್ಮೆಯಿಂದ ಕೂರಬೇಕೆಂಬುದು ಕೆರೆಯ ಗಾಳಕ್ಕೆ ಸರಿ, ಅಳಿವೆಯಲ್ಲಿ ಮೀನು ನೀರಿನ ಜೊತೆ ಓಡಾಡುತ್ತದೆ. ಅಂಗೈಗಿಂತ ಚಿಕ್ಕ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ಬಿಟ್ಟುಬಿಡಿ.

ದೋಣಿಯಲ್ಲಿ ಹೋಗುವುದಾದರೆ

ಕಡಲ ಮೇಲೆ ಎರಡು ಗಂಟೆ ಸಾಕು, ಮಕ್ಕಳಿಗೆ ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ. ಹತ್ತುವ ಮೊದಲು ನೋಂದಣಿ ಸಂಖ್ಯೆ ಬರೆದಿದೆಯೇ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ ನೋಡಿ. ಮಗುವಿಗೆ ಜಾಕೆಟ್ ತೊಡಿಸಿ, ಪಟ್ಟಿ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿಯ ತನಕ ಏರಿದರೆ ಅದು ದೊಡ್ಡದಾಯಿತು, ನೀರಲ್ಲಿ ಮಗು ಅದರಿಂದ ಜಾರುತ್ತದೆ. ಸರಿ ಗಾತ್ರದ್ದು ಇಲ್ಲವೆಂದರೆ ಆ ದಿನ ದೋಣಿ ಬೇಡ.

ಹೊಟ್ಟೆ ತೊಳಸದಿರಲು ಖಾಲಿ ಹೊಟ್ಟೆಯಲ್ಲೂ ಹೋಗಬಾರದು, ಎಣ್ಣೆ ತಿಂಡಿ ತಿಂದೂ ಹೋಗಬಾರದು. ಒಂದೆರಡು ಇಡ್ಲಿ ಸಾಕು. ದೋಣಿಯ ನಡುವಿನಿಂದ ಹಿಂದೆ, ಡೀಸೆಲ್ ಹೊಗೆ ಬಾರದ ಬದಿಯಲ್ಲಿ ಕೂತು ದೂರದ ದಡ ನೋಡುತ್ತಿರಬೇಕು. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ಹೊರಡುವ ಒಂದು ಗಂಟೆ ಮೊದಲು ತಗೊಳ್ಳಿ, ತೊಳಸಲು ಶುರುವಾದ ಮೇಲೆ ಕೆಲಸ ಮಾಡುವುದಿಲ್ಲ. ಕಡಲಿನ ಆಪತ್ತಿಗೆ ಕೋಸ್ಟ್ ಗಾರ್ಡ್ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸ್ 1093. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ದಡದಲ್ಲಿರುವ ಒಬ್ಬರಿಗೆ ಮರಳುವ ವೇಳೆ ಹೇಳಿ ಹೊರಡಿ.

ಮುಟ್ಟಬಾರದವು, ತಿನ್ನಬಾರದವು

ಒಂದು ನಿಯಮ ಮನೆಮಂದಿಗೆಲ್ಲ ಬಾಯಿಪಾಠವಾಗಲಿ: ಆ ದಡದ ಮೀನುಗಾರರು ಹೆಸರು ಹೇಳದ ಜೀವ ನಿಮ್ಮ ಬಾಣಲೆಗೆ ಬರಬಾರದು.

ಹಿಡಿದಾಗ ಹೊಟ್ಟೆ ಉಬ್ಬಿಸಿಕೊಂಡು ಚೆಂಡಿನಂತಾಗುವ, ಗಿಳಿಯ ಕೊಕ್ಕಿನಂಥ ಹಲ್ಲಿನ ಮೀನಿನಲ್ಲಿ ಪ್ರಾಣ ತೆಗೆಯುವ ವಿಷವಿದೆ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನಾಯಿ ಬೆಕ್ಕಿಗೂ ಹಾಕಬೇಡಿ. ಬಾಲ ಚಪ್ಪಟೆಯಾಗಿ ದೋಣಿಯ ಹುಟ್ಟಿನಂತಿರುವ ಕಡಲಹಾವು ದಾರಕ್ಕೆ ಸಿಕ್ಕಿಕೊಂಡರೆ ದಾರ ಕತ್ತರಿಸಿ ಬಿಡಿ. ಬಂಡೆಯ ಸಂದಿನಲ್ಲಿ ಸಿಗುವ, ದಪ್ಪ ಚಿಪ್ಪಿನ, ಚುಕ್ಕೆ ಬಣ್ಣದ ಪುಟ್ಟ ಏಡಿಗಳಲ್ಲಿ ಕೆಲವು ವಿಷದವು, ಅವನ್ನು ಮುಟ್ಟುವುದೇ ಬೇಡ. ಹವಳ, ಕಡಲಕುದುರೆ, ಕಡಲಸೌತೆ, ಆಮೆಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಮೀಸೆಯಿರುವ ತೇಡೆಗೆ ಬೆನ್ನ ಮೇಲೊಂದು, ಎರಡು ಪಕ್ಕದಲ್ಲಿ ಎರಡು ಗರಗಸದ ಮುಳ್ಳುಗಳಿವೆ. ಚಪ್ಪಟೆ ಮೈಯ ತೊರಕೆಯ (ಸ್ಟಿಂಗ್‌ರೇ) ಬಾಲದಲ್ಲಿ ವಿಷದ ಮುಳ್ಳಿದೆ. ಬಟ್ಟೆಯಲ್ಲಿ ಒತ್ತಿ ಹಿಡಿದು ಇಕ್ಕಳದಿಂದಲೇ ಹುಕ್ ತೆಗೆಯಿರಿ. ಚುಚ್ಚಿದರೆ, ಕೈ ತಾಳುವಷ್ಟು ಬಿಸಿಯಿರುವ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಡಿ. ಚುಚ್ಚಿಸಿಕೊಂಡವರಿಗೆ ನೋವಿನಲ್ಲಿ ಬಿಸಿಯ ಅಂದಾಜು ಸಿಗುವುದಿಲ್ಲ, ಆದ್ದರಿಂದ ನೀರನ್ನು ಬೇರೆಯವರು ಮುಟ್ಟಿ ನೋಡಬೇಕು. ಆಮೇಲೆ ಆಸ್ಪತ್ರೆ, ಟಿಟಿ ಇಂಜೆಕ್ಷನ್. ಎದೆಗೆ, ಹೊಟ್ಟೆಗೆ ಚುಚ್ಚಿದರೆ ಮುಳ್ಳು ಕೀಳದೆ ನೇರ ಆಸ್ಪತ್ರೆಗೆ.

ಐಸ್

ಹಿಡಿದ ಮೀನು ಹಾಳಾಗುವುದು ಮನೆಯಲ್ಲಲ್ಲ, ದಡದ ಬಿಸಿಲಲ್ಲಿ. ಬಂದರಿನ ಐಸ್ ಪ್ಲಾಂಟಿನಿಂದ ಪುಡಿ ಐಸ್ ತಂದು ಥರ್ಮೋಕೋಲ್ ಡಬ್ಬದಲ್ಲಿಟ್ಟುಕೊಳ್ಳಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್, ಮೇಲೊಂದಿಷ್ಟು ಶುದ್ಧ ಕಡಲ ನೀರು. ಬರೀ ಐಸಿಗಿಂತ ಈ ಐಸ್‌ನೀರು ಎಲ್ಲ ಬದಿಯಿಂದ ತಾಗಿ ಬೇಗ ತಣಿಸುತ್ತದೆ. ಬಂಗುಡೆ, ಬೂತಾಯಿ, ಕೇದರೆ (ಟ್ಯೂನ) ಮುಂತಾದ ಕಪ್ಪು ಮಾಂಸದ ಮೀನುಗಳು ಬಿಸಿಯಲ್ಲಿ ಕೆಲವು ಗಂಟೆ ಬಿದ್ದರೆ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ. ತಿಂದರೆ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸುತ್ತದೆ. ಹುರಿದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಎಷ್ಟೋ ಜನ ತಮಗೆ ಬಂಗುಡೆ ಅಲರ್ಜಿ ಎಂದುಕೊಂಡಿರುವುದು ಇದೇ ಕಾರಣಕ್ಕೆ.

ಹೊಸ ರುಚಿಗೆ ಒಂದು ಕ್ರಮ

ಒಂದು ಊಟಕ್ಕೆ ಒಂದೇ ಹೊಸ ಬಗೆ. ಸಿಗಡಿ, ಏಡಿ, ಚಿಪ್ಪು ಮೂರನ್ನೂ ಒಟ್ಟಿಗೆ ತಿಂದು ಮೈ ದದ್ದೆದ್ದರೆ ಯಾವುದರಿಂದ ಎಂದು ತಿಳಿಯುವುದು ಹೇಗೆ? ಮೊದಲ ಸಲ ತಿನ್ನುವವರು, ಮುಖ್ಯವಾಗಿ ಮಕ್ಕಳು, ಒಂದು ತುಂಡು ತಿಂದು ಅರ್ಧ ಗಂಟೆ ಕಾಯಲಿ. ರಾತ್ರಿಯೂಟಕ್ಕಿಂತ ಮಧ್ಯಾಹ್ನದ ಊಟ ಲೇಸು, ಹೆಚ್ಚುಕಡಿಮೆಯಾದರೆ ಡಾಕ್ಟರು ಸಿಗುತ್ತಾರೆ. ತುಟಿ ಊದಿದರೆ, ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೊರಡಿ.

ಕಾಣೆಯಿಂದ ಶುರು ಮಾಡಿ. ಬಿಳಿ ಮಾಂಸ, ನಡುಮೂಳೆ ಎತ್ತಿದರೆ ಮುಳ್ಳು ಬಹುಪಾಲು ಹೋಯಿತು, ವಾಸನೆಯೂ ಕಡಿಮೆ. ಅರ್ಧ ಕಿಲೋ ಮೀನಿಗೆ: ಬ್ಯಾಡಗಿ ಮೆಣಸು 10, ಬೆಳ್ಳುಳ್ಳಿ 4 ಎಸಳು, ಕೊತ್ತಂಬರಿ ಒಂದು ಚಮಚ, ಜೀರಿಗೆ ಮತ್ತು ಕಾಳುಮೆಣಸು ಅರ್ಧರ್ಧ ಚಮಚ, ಅರಿಶಿನ ಕಾಲು ಚಮಚ, ಗೋಲಿ ಗಾತ್ರದ ಹುಣಸೆ, ಉಪ್ಪು. ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ, ಒರೆಸಿ ಒಣಗಿಸಿದ ಮೀನಿಗೆ ಸವರಿ ಅರ್ಧ ಗಂಟೆ ಇಟ್ಟು, ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಮಧ್ಯಮ ಉರಿಯಲ್ಲಿ ಬದಿಗೆ ನಾಲ್ಕು ನಿಮಿಷ. ಮಸಾಲೆ ಕಳಚಿ ಕಾವಲಿಗೆ ಅಂಟಿದರೆ ಒಂದೋ ಮೀನು ಒದ್ದೆಯಿತ್ತು, ಇಲ್ಲವೇ ಬೇಗ ಮಗುಚಿದಿರಿ.

ಆಮೇಲೆ ಬೊಂಡಾಸ್ (ಸ್ಕ್ವಿಡ್). ಹೊಸಬರಿಗೆ ನೋಡಿದರೆ ಅಳುಕು, ಶುಚಿ ಮಾಡುವುದು ಮಾತ್ರ ಮೀನಿಗಿಂತ ಸುಲಭ. ತಲೆ ಹಿಡಿದು ಎಳೆದರೆ ಕರುಳು ಜೊತೆಗೇ ಬರುತ್ತದೆ. ಬೆಳ್ಳಿಬಣ್ಣದ ಶಾಯಿ ಚೀಲ ಒಡೆಯದಂತೆ ನೋಡಿಕೊಳ್ಳಿ, ಒಡೆದರೆ ತೊಳೆದರಾಯಿತು, ವಿಷವೇನಲ್ಲ. ಒಳಗಿನ ಪ್ಲಾಸ್ಟಿಕ್ ಪಟ್ಟಿಯಂಥ ಎಲುಬನ್ನು ಹೊರಗೆಳೆದು, ಮೇಲಿನ ನೇರಳೆ ಸಿಪ್ಪೆ ಸುಲಿಯಿರಿ. ತಲೆಯನ್ನು ಕಣ್ಣಿನ ಕೆಳಗೆ ಕತ್ತರಿಸಿ, ಕಾಲುಗಳ ನಡುವೆ ಇರುವ ಗಟ್ಟಿ ಕೊಕ್ಕನ್ನು ಹಿಂಡಿ ತೆಗೆಯಿರಿ. ಉಂಗುರ ಕತ್ತರಿಸಿ ಜೋರು ಉರಿಯಲ್ಲಿ ಎರಡು ನಿಮಿಷ ಹುರಿಯಬೇಕು, ಇಲ್ಲವೇ ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಮೇಲೆ ಬೇಯಿಸಬೇಕು. ಹತ್ತು ನಿಮಿಷ ಬೇಯಿಸಿದವರಿಗೆ ರಬ್ಬರ್ ಸಿಗುತ್ತದೆ. ಬೊಂಡಾಸ್ ಇಷ್ಟವಿಲ್ಲ ಎನ್ನುವವರಲ್ಲಿ ಬಹುಮಂದಿ ತಿಂದಿರುವುದು ಈ ಹತ್ತು ನಿಮಿಷದ್ದು.

ಮರಳಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ ಮರುವಾಯಿಗೆ ಕೊಂಕಣಿಯಲ್ಲಿ ಖುಬ್ಬೆ, ಅಘನಾಶಿನಿ ಕಡೆ ಬೆಳಚು. ಇಳಿತದಲ್ಲಿ ಅಳಿವೆಯ ಮರಳು ಕೆದಕಿ ಮಕ್ಕಳೂ ಆರಿಸಬಹುದು, ಆದರೆ ಊರಿನವರು ಆ ದಿನ ಅದೇ ಜಾಗದಲ್ಲಿ ಆರಿಸುತ್ತಿದ್ದರೆ ಮಾತ್ರ. ಕೆಲವು ಕಾಲದಲ್ಲಿ ನೀರಿನ ಸೂಕ್ಷ್ಮ ಪಾಚಿಯ ವಿಷ ಚಿಪ್ಪುಗಳಲ್ಲಿ ಸೇರಿಕೊಳ್ಳುತ್ತದೆ, ಅದು ಬೇಯಿಸಿದರೆ ಹೋಗುವಂಥದ್ದಲ್ಲ. ಮಂಗಳೂರಿನ ಸಮೀಪದಲ್ಲೇ 1983ರಲ್ಲಿ ಮರುವಾಯಿ ತಿಂದವರಿಗೆ ಈ ವಿಷ ತಗುಲಿದ್ದು ದಾಖಲಾಗಿದೆ. ನೀರು ಕೆಂಪು, ಕಂದು ಅಥವಾ ಹಸಿರಾಗಿದ್ದರೆ ಮುಟ್ಟಬೇಡಿ. ತಿಂದ ಮೇಲೆ ತುಟಿ, ನಾಲಗೆ ಜುಮುಗುಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಂದರಿನ, ಚರಂಡಿ ಸೇರುವ ಜಾಗದ ಚಿಪ್ಪು ಯಾವ ಕಾಲಕ್ಕೂ ಬೇಡ.

ಒಂದು ಕಿಲೋ ಮರುವಾಯಿಯನ್ನು ಲೀಟರಿಗೆ 25 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಮೂರು ನಾಲ್ಕು ಗಂಟೆ ಬಿಡಿ, ಮರಳು ಉಗುಳುತ್ತವೆ. ಸಿಹಿನೀರಿನಲ್ಲಿ ಹಾಕಿದರೆ ಬಾಯಿ ಮುಚ್ಚಿಕೊಂಡು ಸಾಯುತ್ತವೆ, ಮರಳು ಒಳಗೇ ಉಳಿಯುತ್ತದೆ. ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದವು ಸತ್ತವು, ಎಸೆಯಿರಿ. ಮೆಟ್ಟುಕತ್ತಿಯಲ್ಲಿ ಬಿಡಿಸುವುದು ಕೈ ಪಳಗಿದವರ ಕೆಲಸ. ಹೊಸಬರು ಅರ್ಧ ಲೋಟ ನೀರಿನಲ್ಲಿ ಮುಚ್ಚಿ ಐದು ನಿಮಿಷ ಬೇಯಿಸಿ, ತೆರೆದವುಗಳ ಖಾಲಿ ಚಿಪ್ಪು ಕಿತ್ತು ಮಾಂಸವಿರುವ ಅರ್ಧ ಉಳಿಸಿಕೊಳ್ಳಲಿ. ಆ ನೀರನ್ನು ಚೆಲ್ಲಬೇಡಿ, ಸೋಸಿ ಇಡಿ, ರುಚಿಯೆಲ್ಲ ಅದರಲ್ಲಿದೆ. ಎಂಟು ಬ್ಯಾಡಗಿ ಮೆಣಸು, ಒಂದೂವರೆ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಹತ್ತು ಕಾಳು ಮೆಂತೆ ಹುರಿದು, ಹುಣಸೆ, ಅರಿಶಿನದೊಂದಿಗೆ ರುಬ್ಬಿ. ಒಂದು ಲೋಟ ಕಾಯಿತುರಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಕೊನೆಗೆ ಹಾಕಿ ಒಂದೇ ಸುತ್ತು ತಿರುಗಿಸಿ. ಈರುಳ್ಳಿ ಬಾಡಿಸಿ, ಮಸಾಲೆ, ಸೋಸಿದ ನೀರು, ಮರುವಾಯಿ ಸೇರಿಸಿ ನೀರು ಆರುವ ತನಕ ಕುದಿಸಿದರೆ ಸುಕ್ಕ. ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ, ಚಿಪ್ಪಿನ ನೀರೇ ಉಪ್ಪು.

ಪಚ್ಚಿಲೆಗೂ (ಬಂಡೆಗೆ ಅಂಟಿಕೊಳ್ಳುವ ಮಸ್ಸೆಲ್ ಚಿಪ್ಪು) ಇದೇ ಮಸಾಲೆ. ಅದರ ಚಿಪ್ಪಿನ ಸಂದಿನಿಂದ ಹೊರಬರುವ ನಾರನ್ನು ಚೂಪು ತುದಿಯ ಕಡೆಗೆ ಎಳೆದು ಕಿತ್ತು, ಮೇಲ್ಮೈ ಉಜ್ಜಿ ತೊಳೆಯಬೇಕು. ಕಲ್ವವನ್ನು (ಆಯ್ಸ್ಟರ್) ವಿದೇಶದ ರೂಢಿಯಂತೆ ಹಸಿಯಾಗಿ ತಿನ್ನಲು ಹೋಗಬೇಡಿ, ನಮ್ಮ ಅಳಿವೆಗಳಿಗೆ ಊರುಗಳ ಕೊಳಕು ನೀರು ಸೇರುತ್ತದೆ.

ಏಡಿ ಕೊಳ್ಳುವಾಗ ಕಾಲಿನ ಬುಡದ ಹೊಟ್ಟೆಭಾಗ ಒತ್ತಿ ನೋಡಿ. ಮೆತ್ತಗಿದ್ದರೆ ಹೊಸದಾಗಿ ಚಿಪ್ಪು ಕಳಚಿದ್ದು, ಒಳಗೆ ಬರೀ ನೀರು. ಹೊಟ್ಟೆಯಡಿ ಕಿತ್ತಳೆ ಮೊಟ್ಟೆ ಹೊತ್ತ ಹೆಣ್ಣು ಗಾಳಕ್ಕೆ ಬಂದರೆ ನೀರಿಗೇ ಬಿಡಿ. ಜೀವಂತ ಏಡಿಯನ್ನು ಅರ್ಧ ಗಂಟೆ ಐಸಿನಲ್ಲಿಟ್ಟರೆ ಮರಗಟ್ಟುತ್ತದೆ, ಆಮೇಲೆ ಕತ್ತರಿಸಿ. ಹಾಗೇ ಕುದಿನೀರಿಗೆ ಹಾಕಿದರೆ ಕಾಲುಗಳನ್ನು ತಾನೇ ಕಳಚಿಕೊಳ್ಳುತ್ತದೆ. ಮೇಲ್ಚಿಪ್ಪು ಎತ್ತಿ, ಎರಡು ಬದಿಯ ಬೂದುಬಣ್ಣದ ಬೆರಳಿನಂಥ ಕಿವಿರುಗಳನ್ನು ಕಿತ್ತೆಸೆಯಿರಿ.

ತೊರಕೆ ಕೊನೆಯಲ್ಲಿ ಬರಲಿ. ಅದರ ಮಾಂಸದಲ್ಲಿ ಯೂರಿಯಾ ಇರುವುದರಿಂದ ಹಳತಾದಂತೆ ಅಮೋನಿಯದ ಘಾಟು ಹೊಡೆಯುತ್ತದೆ. ಅಂದೇ ತಂದು, ಅಂದೇ ಚರ್ಮ ಸುಲಿದು, ಹುಣಸೆ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೊಳೆದು ಸುಕ್ಕ ಮಾಡಿ. ಮೂಗಿಗೆ ಘಾಟು ಬಂದರೆ ಯಾವ ಮಸಾಲೆಯೂ ಅದನ್ನು ಮುಚ್ಚುವುದಿಲ್ಲ. ಕೆಂಬೇರಿಯಂಥ ಬಂಡೆಮೀನು ತೀರ ದೊಡ್ಡದಿದ್ದರೆ ತಲೆ, ಪಿತ್ತಜನಕಾಂಗ, ಕರುಳು ತಿನ್ನಬೇಡಿ, ಬಂಡೆಮೀನಿನ ಒಂದು ಬಗೆಯ ವಿಷ ಅಲ್ಲೇ ಹೆಚ್ಚು ಸೇರುವುದು. ಬಸುರಿಯರು, ಪುಟ್ಟ ಮಕ್ಕಳು ಶಾರ್ಕಿನಂಥ ದೊಡ್ಡ ಬೇಟೆಮೀನುಗಳನ್ನು ಬಿಟ್ಟು ಬೂತಾಯಿ, ಬಂಗುಡೆ, ಕಾಣೆಯಂಥವನ್ನು ತಿನ್ನಲಿ. ದೊಡ್ಡವುಗಳಲ್ಲಿ ಪಾದರಸ ಹೆಚ್ಚು.

ಮನೆಗೆ ಬಂದ ಮೇಲೆ

ರಾಡ್, ರೀಲ್ ಎರಡನ್ನೂ ಅದೇ ದಿನ ಸಿಹಿನೀರು ಸುರಿದು ತೊಳೆಯಿರಿ. ಜೋರು ನೀರು ಹಾಯಿಸಿದರೆ ಉಪ್ಪು ರೀಲಿನ ಒಳಕ್ಕೇ ನುಗ್ಗುತ್ತದೆ, ಡ್ರ್ಯಾಗ್ ಬಿಗಿ ಮಾಡಿಕೊಂಡು ಮೆಲ್ಲಗೆ ಸುರಿಯಿರಿ. ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲಿಸಿ, ಹಿಡಿಕೆಯ ಕೀಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಒದ್ದೆಯಾದ ಹುಕ್ಕುಗಳನ್ನು ಹೊಸವುಗಳ ಡಬ್ಬಕ್ಕೆ ಹಾಕಬೇಡಿ, ಒಂದರ ತುಕ್ಕು ಎಲ್ಲಕ್ಕೂ ಹತ್ತುತ್ತದೆ. ಕತ್ತರಿಸಿದ ದಾರದ ತುಂಡುಗಳನ್ನು ದಡದಲ್ಲಿ ಬಿಟ್ಟಿದ್ದರೆ ಕೊಕ್ಕರೆ, ಆಮೆಗಳ ಕಾಲಿಗೆ ಸುತ್ತಿಕೊಳ್ಳುತ್ತವೆ. ಜೇಬಲ್ಲಿ ಹಾಕಿ ತಂದು, ಗೇಣುದ್ದಕ್ಕೆ ಕತ್ತರಿಸಿ ಕಸಕ್ಕೆ ಹಾಕಿ. ಉಳಿದ ಎರೆ ಸಿಗಡಿ ಮತ್ತೊಂದು ದಿನಕ್ಕೆ ಫ್ರೀಜರಿನಲ್ಲಿ ಇಡುವುದಾದರೆ ಉಪ್ಪು ಹಾಕಿ, ಅಡುಗೆಯ ಸಿಗಡಿಯಿಂದ ಬೇರೆಯಾಗಿ, ಹೆಸರು ಬರೆದು ಇಡಿ.